ಬೂದಿಯ ಊರು, ಮರಳಿನ ಊರು

ಈ ಮಾಸಪತ್ರಿಕೆಯ ಪುಟಗಳಲ್ಲಿ ಶರಣರ ಚರಿತ್ರೆಯನ್ನೂ, ಜಾತ್ರೆ ಉತ್ಸವಗಳ ವರದಿಯನ್ನೂ, ಮನೆಮದ್ದಿನ ವಿಚಾರವನ್ನೂ ಓದಿ ರೂಢಿಯಾಗಿರುವ ಬಂಧುಗಳಿಗೆ ಭೂತದ ಸಿನಿಮಾವೊಂದನ್ನು ಕುರಿತ ಬರಹ ಕಂಡು ಸೋಜಿಗವಾಗಬಹುದು. ಬರೆಯುತ್ತಿರುವವಳು ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾಗಿ, ನಂಜನಗೂಡಿನಲ್ಲಿ ಮಗನ ಮನೆಯಲ್ಲಿರುವ ಅರವತ್ತೊಂಬತ್ತು ವರ್ಷದ ಅಜ್ಜಿ ಎಂದು ತಿಳಿದರೆ ಸೋಜಿಗ ಇಮ್ಮಡಿಯಾದೀತು. ಇಂಥ ಚಿತ್ರ ನೋಡಬೇಕೆಂದು ನಾನಾಗಿ ಹೊರಟವಳಲ್ಲ. ಮನೆಯ ಒಂದು ಸಂಕಟ ನನ್ನನ್ನು ಅದರ ಮುಂದೆ ಕೂರಿಸಿತು. ಅದನ್ನು ಮೊದಲು ನಿವೇದಿಸಿಕೊಂಡರೆ ಉಳಿದ ಮಾತಿಗೆ ಅರ್ಥ ಬಂದೀತು.

ನಮ್ಮ ಸೊಸೆ 2021ರ ಮೇ ತಿಂಗಳಿನಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಲಿಂಗೈಕ್ಯಳಾದಳು. ತಾನೇ ನಡೆದುಹೋಗಿ ವಾಹನ ಹತ್ತಿದವಳು ಮರಳಿ ಬರಲಿಲ್ಲ. ಮಗ ಆಗ ಜ್ವರದಿಂದ ಬೇರೆ ಕೋಣೆಯಲ್ಲಿದ್ದ. ಮೊಮ್ಮಗನಿಗೆ ಹದಿನೈದು ತುಂಬುವುದರಲ್ಲಿತ್ತು. ಕಡೆಯ ಬಾರಿ ಮುಖ ನೋಡುವ ಅವಕಾಶ ಇಬ್ಬರಿಗೂ ಒದಗಲಿಲ್ಲ. ವಿಭೂತಿ ಧರಿಸಿ, ಬಿಲ್ವಪತ್ರೆ ಅರ್ಪಿಸಿ, ನಮ್ಮ ಕ್ರಮದಂತೆ ಕೂರಿಸಿ ಕಳುಹಿಸಿಕೊಡುವ ಭಾಗ್ಯ ಆ ದಿನಗಳಲ್ಲಿ ಎಷ್ಟೋ ಮನೆಗಳಿಗೆ ಇರಲಿಲ್ಲ, ನಮಗೂ ಇರಲಿಲ್ಲ. ಯಾರನ್ನೂ ದೂರುವ ಮಾತಲ್ಲ ಇದು. ಕಾಲವೇ ಹಾಗಿತ್ತು.

ಆಮೇಲೆ ತಂದೆ ಮಗನ ನಡುವೆ ಮಾತು ನಿಂತಿತು. ಜಗಳವಾಗಿ ನಿಂತದ್ದಲ್ಲ, ನೀರಿಂಗಿದ ಬಾವಿಯಂತೆ ತಾನಾಗಿ ಬತ್ತಿದ್ದು. ಮಗ ಕಾರ್ಖಾನೆಯ ಪಾಳಿಗೆ ಹೋಗುವನು, ಬರುವನು. ಮೊಮ್ಮಗ ದಿನವೂ ರೈಲಿನಲ್ಲಿ ಮೈಸೂರಿಗೆ ಹೋಗಿ ಇಂಜಿನಿಯರಿಂಗ್ ಓದಿ ಬರುವನು, ಬಂದವನೇ ಕೋಣೆಯ ಕದ ಹಾಕಿಕೊಳ್ಳುವನು. ರಾತ್ರಿ ಹನ್ನೊಂದಾದರೂ ಒಳಗಿಂದ ಕಂಪ್ಯೂಟರಿನ ಸದ್ದು. ಅದರಲ್ಲೂ ಒಂದು ಸೈರನ್, ಯುದ್ಧಕಾಲದಲ್ಲಿ ಕೂಗಿಸುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದ ಸೈರನ್ನಿನಂತೆ, ಎದ್ದು ಎದ್ದು ಬೀಳುವ ಕೂಗು. ಅದನ್ನು ಕೇಳಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತಿತ್ತು. ಬೈದು ನೋಡಿದೆ, ದೇವರ ಮುಂದೆ ಕೂರೆಂದೆ, ನಡೆಯಲಿಲ್ಲ. ಕಡೆಗೊಂದು ದಿನ ಮೇಷ್ಟರ ಬುದ್ಧಿಯನ್ನು ಬದಿಗಿಟ್ಟು, "ಅದೇನು ನನಗೂ ತೋರಿಸಪ್ಪ" ಎಂದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ತೆಗೆದಿಟ್ಟ.

ಅವನು ತೋರಿಸಿದ್ದು 'ಸೈಲೆಂಟ್ ಹಿಲ್' ಎಂಬ ಆಟ. ಜಪಾನಿನ ಕೊನಾಮಿ ಎಂಬ ಸಂಸ್ಥೆ 1999ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದದ್ದು. ಮಂಜು ಕವಿದ ಪಾಳು ಊರಿನಲ್ಲಿ ಒಬ್ಬ ತಂದೆ ಕಾಣೆಯಾದ ಮಗಳನ್ನು ಹುಡುಕುತ್ತಾನೆ. ಅವನ ಬಳಿಯ ಪುಟ್ಟ ರೇಡಿಯೋ, ವಿಕಾರ ಜೀವಿಗಳು ಹತ್ತಿರ ಬಂದಾಗ ಗೊರಗೊರ ಸದ್ದು ಮಾಡುತ್ತದೆ. ಆ ಮಂಜಿನ ಕಥೆ ಸ್ವಾರಸ್ಯವಾದದ್ದು. ಆ ಕಾಲದ ಯಂತ್ರಕ್ಕೆ ದೂರದ ಮನೆ ಮರಗಳನ್ನೆಲ್ಲ ಒಮ್ಮೆಗೇ ಬಿಡಿಸಿ ತೋರಿಸುವ ಶಕ್ತಿಯಿರಲಿಲ್ಲವಂತೆ. ಆ ಕೊರತೆಯನ್ನು ತಯಾರಿಸಿದವರು ಮಂಜಿನಿಂದ ಮುಚ್ಚಿದರು. ಮುಚ್ಚಿದ್ದೇ ಆಟದ ಜೀವಾಳವಾಯಿತು. ಬಡವರ ಮನೆಯ ಹೆಣ್ಣುಮಗಳು ಹರಿದ ಸೀರೆಯಲ್ಲೇ ಕೌದಿ ಹೊಲಿದ ಹಾಗೆ.

ಮೊಮ್ಮಗ ಆಡಿಸುವ ಸಾಧನವನ್ನು ನನ್ನ ಕೈಗೇ ಕೊಟ್ಟ. ಬಾಗಿಲೊಂದು ಎದುರಿಗಿತ್ತು. ಗುಂಡಿ ಒತ್ತಿದರೆ ತೆರೆಯುತ್ತದೆ, ಒತ್ತದಿದ್ದರೆ ಆ ಮನುಷ್ಯ ಅಲ್ಲಿಯೇ ನಿಂತಿರುತ್ತಾನೆ. ನಾನು ಒತ್ತಲಾರದೆ ಕುಳಿತೆ. ಆಟದ ಭಯ ಎಲ್ಲಿದೆಯೆಂದು ಆಗ ತಿಳಿಯಿತು. ಸಿನಿಮಾದಲ್ಲಿ ಬಾಗಿಲನ್ನು ಬೇರೆ ಯಾರೋ ತೆರೆಯುತ್ತಾರೆ, ನಾವು ಬೇಡವೆಂದರೂ ತೆರೆಯುತ್ತಾರೆ. ಆಟದಲ್ಲಿ ತೆರೆಯಬೇಕಾದ ಕೈ ನಮ್ಮದೇ. ಹಾಗಾದರೆ ಇಂಥ ಆಟವನ್ನು ಸಿನಿಮಾ ಮಾಡಿದವರು ಈ ಕೈಯನ್ನು ಕಳೆದುಕೊಂಡು ಅದರ ಬದಲಿಗೆ ಏನು ಕೊಟ್ಟರು? ಇದು ನನ್ನಲ್ಲಿ ಎದ್ದ ಪ್ರಶ್ನೆ. "ಸಿನಿಮಾನೂ ಇದೆ ಅಜ್ಜಿ, ಶನಿವಾರ ನೋಡೋಣ" ಎಂದ ಮೊಮ್ಮಗ. ಅಮ್ಮ ಹೋದ ಮೇಲೆ ಅವನು ನನ್ನೊಡನೆ ಯಾವುದಕ್ಕಾದರೂ ದಿನ ಗೊತ್ತುಮಾಡಿದ್ದು ಅದೇ ಮೊದಲು.

ನಾನು ಭೂತದ ಚಿತ್ರಗಳನ್ನು ನೋಡದವಳೇನಲ್ಲ. ಮದುವೆಯಾದ ಹೊಸತರಲ್ಲಿ, 1979ರಲ್ಲಿ, ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ' ಬಂದಾಗ ಯಜಮಾನರ ತೋಳು ಹಿಡಿದುಕೊಂಡು ನೋಡಿದ್ದೆ. 2004ರ 'ಆಪ್ತಮಿತ್ರ'ವನ್ನು ಮಗ ಸೊಸೆಯೊಡನೆ ನೋಡಿದ್ದೆ. ಸೌಂದರ್ಯ ನಾಗವಲ್ಲಿಯಾಗಿ ತಿರುಗಿದ ಗಳಿಗೆಯಲ್ಲಿ ಸೊಸೆ ಕಿರುಚಿ, ಆಮೇಲೆ ತಾನೇ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

'ಸೈಲೆಂಟ್ ಹಿಲ್' ಚಿತ್ರ ತೆರೆಗೆ ಬಂದದ್ದು 2006ರಲ್ಲಿ. ನಿರ್ದೇಶಕ ಫ್ರಾನ್ಸಿನ ಕ್ರಿಸ್ತೋಫ್ ಗಾನ್ಸ್, ಚಿತ್ರಕಥೆ ರೋಜರ್ ಆವರಿಯದು. ಆಟದ ತಂದೆಯ ಜಾಗದಲ್ಲಿ ಇಲ್ಲಿ ತಾಯಿಯಿದ್ದಾಳೆ. ರೋಸ್ ಎಂಬ ಆ ತಾಯಿಯಾಗಿ ನಟಿಸಿದವಳ ಹೆಸರು ರಾಧಾ ಮಿಚೆಲ್. ಹೆಸರು ಕೇಳಿ ನಮ್ಮವಳೇ ಎಂದುಕೊಂಡೆ, ಆಸ್ಟ್ರೇಲಿಯದವಳಂತೆ. ರೋಸಳ ಸಾಕುಮಗಳು ಶ್ಯಾರನ್ ನಿದ್ದೆಯಲ್ಲಿ ಎದ್ದು ನಡೆಯುತ್ತಾಳೆ, ಸೈಲೆಂಟ್ ಹಿಲ್ ಎಂಬ ಊರಿನ ಹೆಸರು ಹೇಳಿ ಅಳುತ್ತಾಳೆ. ಗಂಡ ಬೇಡವೆಂದರೂ ಕೇಳದೆ ತಾಯಿ ಮಗಳನ್ನು ಆ ಊರಿಗೆ ಕರೆದೊಯ್ಯುತ್ತಾಳೆ. ದಾರಿಯಲ್ಲಿ ಕಾರು ಅಪಘಾತಕ್ಕೀಡಾಗಿ, ಎಚ್ಚರವಾದಾಗ ಮಗು ಇಲ್ಲ. ಆಕಾಶದಿಂದ ಹಿಮದಂತೆ ಏನೋ ಉದುರುತ್ತಿದೆ. ಅಂಗೈಯಲ್ಲಿ ಹಿಡಿದರೆ ಅದು ಬೂದಿ.

ಆ ಬೂದಿಯ ಬೀದಿಯನ್ನು ಕಂಡೊಡನೆ ನನಗೆ ಬೇರಾವುದೂ ಅಲ್ಲ, ತಲಕಾಡು ನೆನಪಾಯಿತು. ನನ್ನ ತವರು ಟಿ. ನರಸೀಪುರ ತಾಲ್ಲೂಕಿನ ಹಳ್ಳಿ. ಬೇಸಗೆಯ ರಾತ್ರಿಗಳಲ್ಲಿ ಜಗುಲಿಯ ಮೇಲೆ ಮಲಗಿದಾಗ ನಮ್ಮಜ್ಜಿ ಅಲಮೇಲಮ್ಮನ ಕಥೆ ಹೇಳುತ್ತಿದ್ದಳು. ಶ್ರೀರಂಗಪಟ್ಟಣ 1610ರಲ್ಲಿ ರಾಜ ಒಡೆಯರ ವಶವಾದ ಮೇಲೆ, ವಿಜಯನಗರದ ಪ್ರತಿನಿಧಿಯ ಮಡದಿಯಾಗಿದ್ದ ಆಕೆ ಒಡವೆಗಾಗಿ ಬೆನ್ನಟ್ಟಿ ಬಂದವರಿಗೆ ಸಿಗದೆ, ಶಾಪ ಕೊಟ್ಟು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂಬ ಕಥೆ. ತಲಕಾಡಿನ ಮರಳು, ಮಾಲಂಗಿಯ ಮಡು, ಮೈಸೂರು ಅರಸರ ಸಂತಾನ, ಈ ಮೂರನ್ನೂ ಆ ಶಾಪ ಹಿಡಿಯಿತೆಂದು ನಮ್ಮ ಕಡೆ ಮಗುವಿಗೂ ಗೊತ್ತು. ಗಂಗರ ರಾಜಧಾನಿಯಾಗಿ, ಚೋಳರ ಕೈಯಲ್ಲಿ ರಾಜರಾಜಪುರವಾಗಿ, ವಿಷ್ಣುವರ್ಧನನಿಗೆ ತಲಕಾಡುಗೊಂಡನೆಂಬ ಬಿರುದನ್ನೂ ಕೀರ್ತಿನಾರಾಯಣನ ಗುಡಿ ಕಟ್ಟಿಸುವ ಪುಣ್ಯವನ್ನೂ ಕೊಟ್ಟ ಊರು ಅದು. ಮರಳಿನಡಿ ಮೂವತ್ತಕ್ಕೂ ಹೆಚ್ಚು ಗುಡಿಗಳಿವೆಯೆಂದು ಹೇಳುವುದುಂಟು. ಹದಿನಾಲ್ಕನೆಯ ಶತಮಾನದಲ್ಲಿ ನದಿಗೆ ಕಟ್ಟಿದ ಮಾಧವಮಂತ್ರಿ ಕಟ್ಟೆಯಿಂದ ನೀರಿನ ಹರಿವು ತಗ್ಗಿ, ಪಾತ್ರದ ಮರಳು ಬಯಲಾಗಿ, ಮುಂಗಾರಿನ ಗಾಳಿ ಅದನ್ನು ಹೊತ್ತು ತಂದು ಊರಿನ ಮೇಲೆ ಸುರಿಯಿತೆಂದು ತಿಳಿದವರು ಕಾರಣ ಕೊಡುತ್ತಾರೆ. ತರಗತಿಯಲ್ಲಿ ನಾನೂ ಹಾಗೆಯೇ ಪಾಠ ಮಾಡಿದ್ದೇನೆ. ಆದರೆ ಮರಳಿನ ಮೇಲೆ ಒಬ್ಬಳೇ ನಡೆಯುವಾಗ ಕಾಲಿಗೆ ನೆನಪಾಗುವುದು ಅಜ್ಜಿಯ ಕಥೆಯೇ.

ಚಿತ್ರದ ಊರಿಗೂ ಅಂಥದೊಂದು ನಿಜವಾದ ಊರಿನ ನೆರಳಿದೆ ಎಂದು ಮೊಮ್ಮಗ ಹೇಳಿದ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೆಂಟ್ರಾಲಿಯಾ ಎಂಬ ಕಲ್ಲಿದ್ದಲ ಗಣಿಯ ಊರು. 1962ರಲ್ಲಿ ಅಲ್ಲಿನ ನೆಲದಡಿಯ ಕಲ್ಲಿದ್ದಲಿಗೆ ಬೆಂಕಿ ಹತ್ತಿತು, ಇನ್ನೂ ಆರಿಲ್ಲ. ಸಾವಿರಕ್ಕೂ ಹೆಚ್ಚು ಜನರಿದ್ದ ಊರು. 1984ರಲ್ಲಿ ಸರ್ಕಾರ ಹಣ ಕೊಟ್ಟು ಜನರನ್ನು ಬೇರೆಡೆಗೆ ಕಳುಹಿಸಿತು. ಬೆರಳೆಣಿಕೆಯ ಕೆಲವರು ಮಾತ್ರ ಬಿಡಲಾರದೆ ಉಳಿದರು. ಚಿತ್ರಕಥೆ ಬರೆದ ಆವರಿಯ ಮನಸ್ಸಿನಲ್ಲಿದ್ದದ್ದು ಈ ಊರೇ. ಒಂದು ಕಡೆ ಕೆಳಗೆ ಬೆಂಕಿ, ಇನ್ನೊಂದು ಕಡೆ ಮೇಲೆ ಮರಳು.

ಚಿತ್ರದ ಮೊದಲ ಒಂದು ಗಂಟೆ ಬಹಳ ಚೆನ್ನಾಗಿದೆ. ಆತುರವಿಲ್ಲ. ತಾಯಿ ನಡೆಯುತ್ತಾಳೆ, ಕೂಗುತ್ತಾಳೆ, ಬೂದಿ ಬೀಳುತ್ತದೆ. ಸೈರನ್ ಕೂಗಿದೊಡನೆ ಕತ್ತಲು ಬಂದು ಗೋಡೆಯ ಬಣ್ಣ ಸುಟ್ಟ ಚರ್ಮದಂತೆ ಸುಲಿದು ಏಳುತ್ತದೆ. ಗೋಡೆ ಸುಲಿಯುವ ಆ ದೃಶ್ಯದಷ್ಟು ಭಯ ಯಾವ ಭೂತದ ಮುಖವೂ ಹುಟ್ಟಿಸಲಿಲ್ಲ. ಸಂಗೀತ ಹೆಚ್ಚಾಗಿ ಆಟಕ್ಕೆ ಅಕಿರಾ ಯಮಾವೊಕಾ ಮಾಡಿದ್ದನ್ನೇ ಬಳಸಿದ್ದಾರೆ. ಕಬ್ಬಿಣ ಉಜ್ಜಿದಂಥ ಸದ್ದಿನ ನಡುವೆ ತಟ್ಟನೆ ಜೋಗುಳದಂಥ ರಾಗ ಬರುತ್ತದೆ. ವಿಕಾರ ಜೀವಿಗಳನ್ನೂ ಬರಿಯ ಕಂಪ್ಯೂಟರಿನಿಂದ ಬಿಡಿಸದೆ ವೇಷ ತೊಟ್ಟ ನಟರಿಂದ, ನೃತ್ಯ ಬಲ್ಲವರಿಂದ ಆಡಿಸಿದ್ದಾರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮುಖವಿಲ್ಲದ ದಾದಿಯರು ಗುಂಪಾಗಿ ನಿಂತಿರುತ್ತಾರೆ. ಬೆಳಕು ಬಿದ್ದರೆ ಮಾತ್ರ ಚಲಿಸುತ್ತಾರೆ. ತಾಯಿ ಟಾರ್ಚು ಆರಿಸಿ, ಉಸಿರು ಬಿಗಿಹಿಡಿದು ಅವರ ನಡುವೆಯೇ ನುಸುಳಿ ಹೋಗಬೇಕು. ಇಲ್ಲಿ ನನಗೆ ಮತ್ತೆ ಆ ಗುಂಡಿಯನ್ನು ಒತ್ತಲಾರದೆ ಕುಳಿತ ಅನುಭವವೇ ಆಯಿತು. ಆಟ ಕೊಡುವುದನ್ನು ಸಿನಿಮಾ ತನ್ನ ದಾರಿಯಲ್ಲಿ ಕೊಟ್ಟದ್ದು ಇಂಥ ಎರಡು ಮೂರು ಕಡೆ.

ಉಳಿದ ಕಡೆ ಆಟವನ್ನು ಹಾಗೆಯೇ ನಕಲು ಮಾಡಲು ಹೋಗಿ ಎಡವಿದೆ. ಒಂದು ಸುಳಿವು ಸಿಕ್ಕಿತು, ಅದು ಇನ್ನೊಂದು ಕಟ್ಟಡಕ್ಕೆ ಕಳುಹಿಸಿತು, ಅಲ್ಲೊಂದು ಸುಳಿವು. ಒಂದೆಡೆ ಆಸ್ಪತ್ರೆಯ ನಕ್ಷೆಯನ್ನು ತಾಯಿ ಬಾಯಿಪಾಠ ಮಾಡುತ್ತಾಳೆ. ಆಡುವವನಿಗೆ ಅದು ಹುರುಪು ತರಬಹುದು, ಸುಮ್ಮನೆ ಕುಳಿತು ನೋಡುವವಳಿಗೆ ಅಂಚೆಯವನ ಹಿಂದೆ ಓಣಿ ಓಣಿ ಸುತ್ತಿದಂತಾಗುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಆಮೇಲೆ ಬರುತ್ತದೆ. ಅಷ್ಟು ಹೊತ್ತು ಮಂಜಿನಲ್ಲಿಟ್ಟಿದ್ದ ಕಥೆಯನ್ನೆಲ್ಲ ಒಂದು ದನಿ ಒಂದೇ ಉಸಿರಿಗೆ ಬಿಡಿಸಿ ಹೇಳಿಬಿಡುತ್ತದೆ. ಪರೀಕ್ಷೆಗೆ ಮುನ್ನಾ ದಿನ ಪಾಠಗಳನ್ನೆಲ್ಲ ಮುಗಿಸುವ ಮೇಷ್ಟರ ಹಾಗೆ. ಆ ಕೆಲಸ ನಾನೂ ಮಾಡಿದ್ದೇನೆ, ಮಕ್ಕಳ ಮುಖ ಹೇಗಾಗುತ್ತದೆಂದು ಬಲ್ಲೆ. ಇನ್ನು ರಕ್ತಪಾತ. ಚರ್ಮ ಸುಲಿಯುವುದು, ಜೀವಂತ ಸುಡುವುದು, ಮುಳ್ಳುತಂತಿಯಿಂದ ಸೀಳುವುದು. ಎರಡು ಸಲ ಸೆರಗಿನಿಂದ ಮುಖ ಮುಚ್ಚಿಕೊಂಡೆ. ಇದು ದೊಡ್ಡವರ ಚಿತ್ರ. ಮೀಸೆ ಬಂದ ಮಗ ಪಕ್ಕದಲ್ಲಿದ್ದನೆಂದು ನಾನು ನೋಡಿದೆ, ಚಿಕ್ಕಮಕ್ಕಳಿರುವ ಮನೆಯವರು ಇದನ್ನು ಹಚ್ಚಲೇ ಬಾರದು.

ಕಥೆಯ ಗಂಟು ಹೀಗಿದೆ. ಆ ಊರಿನಲ್ಲಿ ಅಲೆಸ್ಸಾ ಎಂಬ ಹುಡುಗಿ. ತಂದೆ ಯಾರೆಂದು ತಿಳಿಯದ ಮಗುವೆಂದು ಶಾಲೆಯಲ್ಲಿ ಮಕ್ಕಳು ಹಿಂಸಿಸುತ್ತಾರೆ. ಊರಿನ ಒಂದು ಮತಾಂಧ ಗುಂಪಿಗೆ ಅವಳು ಮೈಲಿಗೆಯಾಗಿ ಕಾಣುತ್ತಾಳೆ. ಶುದ್ಧಿ ಮಾಡುತ್ತೇವೆಂದು ಹೆತ್ತ ತಾಯಿಯನ್ನೇ ಒಪ್ಪಿಸಿ, ಮಗುವನ್ನು ಬೆಂಕಿಗೊಡ್ಡುತ್ತಾರೆ. ಸುಟ್ಟ ಮೈಯಲ್ಲಿ ಉಳಿದ ಆ ಮಗುವಿನ ಸಂಕಟವೇ ಊರನ್ನು ನುಂಗಿದ ಕತ್ತಲು. ಅವಳಲ್ಲಿ ಉಳಿದಿದ್ದ ಒಳ್ಳೆಯ ಅಂಶವೇ ರೋಸಳ ಸಾಕುಮಗಳು ಶ್ಯಾರನ್. ಇಬ್ಬರನ್ನೂ ಜೊಡೆಲ್ ಫರ್ಲೆಂಡ್ ಎಂಬ ಒಬ್ಬ ಹುಡುಗಿಯೇ ಅಭಿನಯಿಸಿದ್ದಾಳೆ, ಎಂಟು ಹತ್ತು ವರ್ಷದ ಮಗು ಹೀಗೆ ನಟಿಸಬಹುದೇ ಎನ್ನಿಸಿತು.

ಜನನ ಸೂತಕವೂ ಸೇರಿದಂತೆ ಐದು ಸೂತಕಗಳನ್ನು ತಳ್ಳಿಹಾಕಿದ ಶರಣರ ಮನೆಯಲ್ಲಿ ಹುಟ್ಟಿದವಳು ನಾನು. ಹುಟ್ಟಿನಿಂದ ಮಗು ಮೈಲಿಗೆ ಎಂಬ ಮಾತು ಅಮೆರಿಕದ ಕಲ್ಪನೆಯ ಊರಿನಲ್ಲಿ ಕೇಳಿದರೂ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಅದು ಅಲ್ಲಿಯ ಮಾತು ಮಾತ್ರವೇನೂ ಅಲ್ಲವೆಂಬುದೂ ಹೊಳೆಯದಿರಲಿಲ್ಲ. ಆದರೆ ಚಿತ್ರ ಇಲ್ಲಿ ಕೈಚೆಲ್ಲುತ್ತದೆ. ಆ ಗುಂಪಿನ ನಾಯಕಿ ಕ್ರಿಸ್ಟಬೆಲ್ಲಾ ಮೊದಲಿನಿಂದ ಕಡೆಯವರೆಗೂ ಒಂದೇ ಗಟ್ಟಿ ದನಿಯಲ್ಲಿ ಕೂಗುತ್ತಾಳೆ. ಆ ನಟಿ ಆಲಿಸ್ ಕ್ರೀಗ ಸಮರ್ಥೆ, ಪಾತ್ರಕ್ಕೆ ಒಳಗೇ ಇಲ್ಲ. ತಾವು ಮಾಡಿದ್ದು ಪಾಪವೆಂಬ ಅಳುಕು ಆ ಗುಂಪಿನಲ್ಲಿ ಒಬ್ಬರಿಗೂ ಹುಟ್ಟುವುದಿಲ್ಲ. ಆದ್ದರಿಂದ ಅಲೆಸ್ಸಾ ಸೇಡು ತೀರಿಸಿಕೊಳ್ಳುವಾಗ ಕೊಲ್ಲುವುದಷ್ಟೇ ಉಳಿಯುತ್ತದೆ.

ನಮ್ಮಜ್ಜಿಯ ಕಥೆ ಇಲ್ಲಿ ಬೇರೆ ದಾರಿ ಹಿಡಿಯುತ್ತಿತ್ತು. ಶಾಪ ಕೊಟ್ಟ ಅಲಮೇಲಮ್ಮನ ಮೂರ್ತಿಯನ್ನು ಮೈಸೂರು ಅರಮನೆಯಲ್ಲಿ ಮಾಡಿಸಿಟ್ಟು ಪೂಜಿಸುತ್ತಾ ಬಂದರೆಂದು ಹೇಳುವಾಗ ಅವಳ ದನಿ ಮೆತ್ತಗಾಗುತ್ತಿತ್ತು. ಶಾಪ ತಿಂದ ಮನೆಯೇ ನೊಂದವಳಿಗೆ ದೀಪ ಹಚ್ಚುತ್ತದೆ. ನಂಜನಗೂಡಿನಲ್ಲಿ ಅಂಧಕಾಸುರ ಸಂಹಾರದ ದಿನ ರಾಕ್ಷಸ ಮಂಟಪದ ಬಳಿ ನೆಲದ ತುಂಬ ರಂಗೋಲಿಯಲ್ಲಿ ಅಸುರನನ್ನು ಬಿಡಿಸುತ್ತಾರೆ. ಮದುವೆಯಾಗಿ ಬಂದ ವರ್ಷ ಆ ಕಣ್ಣು ಕೋರೆದಾಡೆ ನೋಡಿ ಹೆದರಿದ್ದೆ. ಜನ ಕಾಲಿನಿಂದ ಅಳಿಸಿದ ಮೇಲೆ ಉಳಿದದ್ದು ಬಣ್ಣದ ಪುಡಿ. ಭಯವನ್ನು ಊರಿಗೆ ಊರೇ ಸೇರಿ ಬರೆದು, ಸೇರಿ ಅಳಿಸುತ್ತದೆ. ಕೋಣೆಯ ಕದ ಹಾಕಿಕೊಂಡು ಒಬ್ಬನೇ ಹೆದರುವ ಹುಡುಗನಿಗೆ ಆ ಸೌಕರ್ಯವೆಲ್ಲಿ?

ರೋಸಳ ಗಂಡನ ಪಾತ್ರವನ್ನು ಕುರಿತು ಹೇಳದೆ ಮುಂದೆ ಹೋಗಲಾರೆ. ಆಟದ ತಂದೆಯ ನಡೆಯಲ್ಲಿ ತಾಯ್ತನವೇ ಹೆಚ್ಚೆಂದು ಕಂಡು ನಿರ್ದೇಶಕ ಅವನ ಜಾಗದಲ್ಲಿ ತಾಯಿಯನ್ನಿಟ್ಟನಂತೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮಗುವಿಗಾಗಿ ಹಾಗೆ ಹಂಬಲಿಸುವ ಗಂಡಸರನ್ನು ನಾನು ಕಂಡಿದ್ದೇನೆ. ಮೊದಲ ಚಿತ್ರಕಥೆಯಲ್ಲಿ ಗಂಡಸರೇ ಇಲ್ಲವೆಂದು ನಿರ್ಮಾಪಕರು ಆಕ್ಷೇಪಿಸಿದ ಮೇಲೆ ಗಂಡ ಕ್ರಿಸ್ಟೋಫರನ ಭಾಗವನ್ನು ಬೆಳೆಸಿದರು. ಶಾನ್ ಬೀನ್ ಎಂಬ ಒಳ್ಳೆಯ ನಟ. ಆದರೂ ಅವನು ಕಡತ ಹುಡುಕುವುದು, ಪೊಲೀಸರೊಡನೆ ವಾದಿಸುವುದು ಎಲ್ಲ ಮುಖ್ಯ ಕಥೆಯ ಬಿಗಿಯನ್ನು ಸಡಿಲಿಸುತ್ತದೆ. ಚಿತ್ರದ ದುರ್ಬಲ ಭಾಗ ಇದೇ ಎಂದು ಬಹಳ ಮಂದಿ ಹೇಳಿದ್ದಾರಂತೆ, ಮೊಮ್ಮಗನೂ ಹೇಳಿದ. ಅರ್ಧ ಚಿತ್ರದವರೆಗೆ ನಾನೂ ತಲೆಯಾಡಿಸಿದೆ.

ಆದರೆ ಒಂದು ದೃಶ್ಯವಿದೆ. ಗಂಡ ಹೆಂಡತಿ ಇಬ್ಬರೂ ಒಂದೇ ಪಾಳು ಶಾಲೆಯಲ್ಲಿದ್ದಾರೆ. ಅವಳಿರುವುದು ಬೂದಿಯ ಲೋಕದಲ್ಲಿ, ಅವನಿರುವುದು ನಮ್ಮ ಲೋಕದಲ್ಲಿ. ಅವಳು ಅವನ ಪಕ್ಕದಲ್ಲೇ ಹಾದು ಹೋಗುತ್ತಾಳೆ. ಅವನಿಗೆ ಕಾಣುವುದಿಲ್ಲ. ಅವಳು ಹಚ್ಚುತ್ತಿದ್ದ ಸುಗಂಧ ಮಾತ್ರ ಮೂಗಿಗೆ ಬಡಿದು ಅವನು ನಿಲ್ಲುತ್ತಾನೆ. ಮೊಮ್ಮಗ ಆ ಹೊತ್ತಿಗೆ ಮಂಡಿಯ ಮೇಲೆ ಗದ್ದವಿಟ್ಟು ಕುಳಿತಿದ್ದ. ಚಿತ್ರದ ಕಡೆಯಲ್ಲಿ ತಾಯಿ ಮಗಳು ಹೇಗೋ ಪಾರಾಗಿ ಮನೆಗೆ ಬರುತ್ತಾರೆ. ಮನೆಯ ತುಂಬ ಮಂಜಿನ ಬೂದು ಬೆಳಕು. ಅದೇ ಮನೆಯಲ್ಲಿ, ಬಿಸಿಲಿರುವ ಇನ್ನೊಂದು ಲೋಕದಲ್ಲಿ, ಗಂಡ ಒಬ್ಬನೇ ಇದ್ದಾನೆ. ಅದೇ ಮನೆ, ಅದೇ ಆಸನ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಆ ಗಂಡನ ಪಾತ್ರವನ್ನು ತೆಗೆದುಹಾಕಿದ್ದರೆ ಈ ಮುಕ್ತಾಯ ಎಲ್ಲಿರುತ್ತಿತ್ತು? ದುರ್ಬಲವೆಂದು ಜರೆದದ್ದೇ ಕಡೆಗೆ ಇಡೀ ಚಿತ್ರವನ್ನು ಎತ್ತಿ ಹಿಡಿಯಿತು. ರಕ್ತವಿಲ್ಲ, ಕೂಗಿಲ್ಲ.

"ಅಜ್ಜಿ, ಅಮ್ಮ ಮನೇಲೇ ಇದ್ದಾಳೆ, ನಮಗೆ ಕಾಣ್ತಿಲ್ಲ ಅಷ್ಟೇ ಅಂತ ನಂಗೆ ದಿನಾ ಅನ್ಸುತ್ತೆ" ಎಂದ ಮೊಮ್ಮಗ. ನಾಲ್ಕು ವರ್ಷಗಳ ನಂತರ ಅವನ ಬಾಯಲ್ಲಿ ಅಮ್ಮ ಎಂಬ ಪದ. ಆಟವನ್ನು ಅಷ್ಟು ಸಲ ಏಕೆ ಆಡುತ್ತಾನೆಂದು ನಾನು ಕೇಳಲಿಲ್ಲ. ಕಾಣೆಯಾದವರನ್ನು ಮಂಜಿನಲ್ಲಿ ಹುಡುಕುವ ಆಟ ಅದು, ಕೇಳುವುದೇನಿತ್ತು?

ನಾನು ಅವನಿಗೆ ಬೇರೊಂದು ಸಂಗತಿ ಹೇಳಿದೆ. ಈ ಚಿತ್ರ ಬಂದ 2006ರಲ್ಲೇ ಕಾರ್ತಿಕ ಸೋಮವಾರದ ಯೋಗ ಕೂಡಿ ತಲಕಾಡಿನಲ್ಲಿ ಪಂಚಲಿಂಗ ದರ್ಶನವಾಯಿತು. ಅವನು ಐದು ತಿಂಗಳ ಕೂಸು. ಕಿಕ್ಕಿರಿದ ಜನ. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ, ಐದನ್ನೂ ನೋಡಲೇಬೇಕೆಂದು ಅವನ ತಾಯಿಯ ಹಟ. ಕೂಸನ್ನು ನನಗೆ ಕೊಡೆಂದರೆ ಕೊಡಲಿಲ್ಲ. ಮರಳಿನಲ್ಲಿ ಹೆಜ್ಜೆ ಹೂತು ಹೂತು ಹೋಗುತ್ತಿದ್ದರೂ ಸೆರಗಿನಲ್ಲಿ ಅವನ ತಲೆ ಮುಚ್ಚಿ, ಮಗ ಕೊಡೆ ಹಿಡಿದು ಹಿಂದೆ ಓಡುತ್ತಿದ್ದರೆ, ಇವಳು ಮುಂದೆ. ಮರಳು ತೆಗೆದ ತಗ್ಗಿನಲ್ಲಿರುವ ಪಾತಾಳೇಶ್ವರನ ಗುಡಿಗೆ ಇಳಿಯುವಾಗ ಕೂಸು ಅಳು ನಿಲ್ಲಿಸಿ ಮೇಲಿನ ಮರಳಿನ ಅಂಚನ್ನೇ ನೋಡುತ್ತಿತ್ತು. "ನನಗೆ ಇದನ್ನ ಯಾರೂ ಹೇಳೇ ಇಲ್ಲ" ಎಂದ ಮೊಮ್ಮಗ. ಹೇಳಬೇಕಾದವನು ಹೇಳಿರಲಿಲ್ಲ, ನಿಜ.

ಅಷ್ಟರಲ್ಲಿ ಎರಡನೆಯ ಪಾಳಿ ಮುಗಿಸಿ ಮಗ ಬಂದ. ಕೋಣೆಯ ಕದ ತೆರೆದಿತ್ತಾಗಿ, ಹೆಲ್ಮೆಟ್ಟು ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತ. "ಅಪ್ಪ, ಹತ್ತು ನಿಮಿಷ ಕೂತ್ಕೊಳ್ಳಿ" ಎಂದು ಮೊಮ್ಮಗ ಕಡೆಯ ಭಾಗವನ್ನು ಮತ್ತೆ ಹಚ್ಚಿದ. ಮಗ ಕೂರಲಿಲ್ಲ, ನಿಂತೇ ನೋಡಿದ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಅವಳು ಬಂದದ್ದು ಅವನಿಗೆ ಗೊತ್ತಾಗುತ್ತೇನೋ?" ಎಂದು ಕೇಳಿದ.

"ಗೊತ್ತಾಗುತ್ತೋ ಇಲ್ವೋ ಅಂತ ಹೇಳೋದಿಲ್ಲಪ್ಪ. ಆದ್ರೆ ಮೊದಲೇ ಸ್ಕೂಲಲ್ಲಿ ಒಂದು ಸೀನ್ ಬರುತ್ತೆ, ಅದನ್ನ ನೀವು ನೋಡ್ಬೇಕು" ಎಂದು ಅವನು ಚಿತ್ರವನ್ನು ಹಿಂದಕ್ಕೆ ಸರಿಸತೊಡಗಿದ. ಮಗ ಹೆಲ್ಮೆಟ್ಟನ್ನು ಕೆಳಗಿಟ್ಟು, ನಾನು ಎದ್ದ ಕುರ್ಚಿಯಲ್ಲಿ ಕುಳಿತ.

ಸಾರು ಆರಿತ್ತು. ನಾನು ಒಲೆ ಹಚ್ಚಲು ಒಳಗೆ ಹೋದೆ. ಅನ್ನ ಬಡಿಸಿಟ್ಟು ಎರಡು ಸಲ ಕರೆದರೂ ಅವರಿಗೆ ಕೇಳಿಸಲಿಲ್ಲ. ತಲಕಾಡಿನಲ್ಲಿ ಆ ದಿನ ಕೊಡೆ ಗಾಳಿಗೆ ಮಗುಚಿಕೊಂಡದ್ದನ್ನು ಮಗ ಹೇಳುತ್ತಿದ್ದ.